ಮನೆ ಹಂಚುವ ಮಂಡಳಿಗೆ ಯಾರನ್ನು ಕೂಡಿಸಬೇಕು?

(ನಿಡಸೋಸಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



 ಊರಿಗೆ ಉಪಯೋಗ ಬೀಳುವ ವಿಷಯದ ಮೇಲೆ ಮಾತು ಆಗಲಿ ಎಂಬುದು ಈ ದತ್ತಿಯನ್ನಿಟ್ಟ ಮನೆತನದವರ ಆಸೆ. ಅದಕ್ಕೆ ತಕ್ಕ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಸ್ವಂತ ಮನೆ ಇಲ್ಲದವರಿಗೆ ನಿವೇಶನ ಅಥವಾ ಮನೆ ಸಿಗುವಂತೆ ಮಾಡುವ ಸಂಘ, ಸಮಿತಿ, ಟ್ರಸ್ಟುಗಳು ನಮ್ಮ ಪಟ್ಟಣಗಳಲ್ಲಿವೆ. ಮುಂದೆ ಇನ್ನೂ ಹುಟ್ಟಲಿವೆ. ಅವುಗಳ ಆಡಳಿತ ಮಂಡಳಿಯಲ್ಲಿ ಯಾರು ಕೂಡಬೇಕು, ಅವರನ್ನು ಯಾರು ಆರಿಸಬೇಕು, ಹೇಗೆ ಆರಿಸಬೇಕು ಎಂಬುದೇ ಇಂದಿನ ಮಾತು.

ಮನೆಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಹಣದ ಬಗ್ಗೆ, ಜಾಗದ ಬಗ್ಗೆ, ಬ್ಯಾಂಕಿನ ಸಾಲದ ಬಗ್ಗೆ ಮಾತಾಡುತ್ತೇವೆ. ಮಂಡಳಿಯ ಮಾತು ಚುನಾವಣೆ ಬಂದಾಗ ಮಾತ್ರ ಏಳುತ್ತದೆ, ಅದೂ ಯಾವ ಪ್ಯಾನೆಲ್ ಗೆದ್ದಿತು ಎಂಬಷ್ಟಕ್ಕೆ. ಆದರೆ ಹಣ ಬಂದ ಮೇಲೆ, ಜಾಗ ಸಿಕ್ಕ ಮೇಲೆ, ಪಟ್ಟಿಯಲ್ಲಿ ಯಾರ ಹೆಸರು ಮೊದಲು ಬರಬೇಕು ಎಂದು ತೀರ್ಮಾನಿಸುವವರು ಆ ಮೇಜಿನ ಸುತ್ತ ಕೂತ ಹತ್ತು-ಹದಿನೈದು ಜನ. ಆ ಕುರ್ಚಿಗಳು ತಪ್ಪಿದರೆ ಎಷ್ಟೇ ಒಳ್ಳೆಯ ಯೋಜನೆ ಬಂದರೂ ತಪ್ಪು ಮನೆಗೇ ಹೋಗಿ ಮುಟ್ಟುತ್ತದೆ.

ನಮ್ಮ ಕಣ್ಣೆದುರಿನ ವ್ಯವಸ್ಥೆಯನ್ನೇ ನೋಡೋಣ. ಹಳ್ಳಿಯಲ್ಲಿ ವಸತಿ ಯೋಜನೆಯ ಫಲಾನುಭವಿಗಳನ್ನು ಗ್ರಾಮಸಭೆಯಲ್ಲಿ ಆರಿಸಬೇಕು ಎಂಬ ನಿಯಮವಿದೆ. ಪಾಲನೆಯಲ್ಲಿ ಎಷ್ಟೋ ಕೊರತೆ ಇರಬಹುದು, ಆದರೂ ಹೆಸರನ್ನು ಜನರ ಮುಂದೆ ಓದಬೇಕೆಂಬ ಕಟ್ಟು ಅಲ್ಲಿದೆ. ಎದ್ದು ನಿಂತು “ಇವರಿಗೆ ಆಗಲೇ ಮನೆ ಐತಿ” ಎನ್ನಲು ಒಬ್ಬ ಮುದುಕಿಗೂ ಹಕ್ಕಿದೆ. ಪಟ್ಟಣಕ್ಕೆ ಬಂದರೆ ಆ ಕೆಲಸ ಆಶ್ರಯ ಸಮಿತಿಗೆ ಹೋಗುತ್ತದೆ. ಅದಕ್ಕೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಜೊತೆಗೆ ಸರ್ಕಾರ ನಾಮನಿರ್ದೇಶನ ಮಾಡಿದ ಕೆಲವು ಸದಸ್ಯರು, ಪುರಸಭೆಯ ಅಧಿಕಾರಿ. ಓಣಿಯ ಜನ ಆ ಸದಸ್ಯರನ್ನು ಆರಿಸುವುದಿಲ್ಲ. ಬಹಳ ಸಲ ಅವರ ಹೆಸರೂ ಓಣಿಗೆ ಗೊತ್ತಿರುವುದಿಲ್ಲ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿತು ನಿಜ, ಆದರೆ 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. ಗೋಕಾಕ, ಸಂಕೇಶ್ವರ, ಹುಕ್ಕೇರಿ, ಮೂಡಲಗಿಯಂಥ ಊರುಗಳು ಆ ಲೆಕ್ಕದಲ್ಲಿ ಬರುವುದಿಲ್ಲ. ಹಳ್ಳಿಯವನಿಗೆ ಗ್ರಾಮಸಭೆ, ದೊಡ್ಡ ಶಹರದವನಿಗೆ ವಾರ್ಡ್ ಸಮಿತಿ ಇದೆ. ಸಣ್ಣ ಪಟ್ಟಣದ ಬಾಡಿಗೆ ಮನೆಯವನಿಗೆ ಇವೆರಡೂ ಇಲ್ಲ.

ಇದರ ಬೆಲೆ ಏನೆಂದು 2019ರ ಆಗಸ್ಟ್ ತಿಂಗಳ ಮಹಾಪೂರ ನಮಗೆ ತೋರಿಸಿತು. ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ಓಣಿಗಳಿಗೆ ನೀರು ನುಗ್ಗಿತು, ಮಣ್ಣಿನ ಗೋಡೆಯ ಮನೆಗಳು ಕುಸಿದವು. ಪೂರ್ತಿ ಬಿದ್ದ ‘ಎ’ ವರ್ಗದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಯಾದ ‘ಸಿ’ ವರ್ಗದ ಮನೆಗೆ 50 ಸಾವಿರ ಎಂದು ಸರ್ಕಾರ ಘೋಷಿಸಿತು. ಪಂಚನಾಮೆಯ ಹಾಳೆಯಲ್ಲಿ ‘ಎ’ ಎಂದು ಬರೆದರೆ ಒಂದು ಸಂಸಾರ ಮತ್ತೆ ನಿಲ್ಲುತ್ತದೆ, ‘ಸಿ’ ಎಂದು ಬರೆದರೆ ಒಂದು ಬದಿಯ ಗೋಡೆಯೂ ಏಳುವುದಿಲ್ಲ. ಹಸಿ ಗೋಡೆ ಅಳತೆಯ ದಿನ ನಿಂತಿರುತ್ತದೆ, ಎಂಟು ದಿನ ಬಿಸಿಲು ಬಿದ್ದ ಮೇಲೆ ಬಿರಿದು ಉರುಳುತ್ತದೆ. ಮಣ್ಣಿನ ಮನೆಯಲ್ಲಿ ಬಾಳಿದವರಿಗೆ ಇದು ಗೊತ್ತು. ಆ ತಿಳಿವಳಿಕೆ ಇರುವವರೊಬ್ಬರು ತೀರ್ಮಾನ ಮಾಡುವ ಜಾಗದಲ್ಲಿದ್ದರೆ “ಹದಿನೈದು ದಿನ ಬಿಟ್ಟು ಇನ್ನೊಮ್ಮೆ ನೋಡ್ರಿ” ಎಂದು ಹೇಳುತ್ತಿದ್ದರು. ಮಂಡಳಿಯಲ್ಲಿ ಯಾರಿರಬೇಕು ಎಂಬ ಪ್ರಶ್ನೆ ಇಷ್ಟು ನೆಲಕ್ಕೆ ಹತ್ತಿರದ್ದು.

ಈಗ ಸ್ವಲ್ಪ ಇತಿಹಾಸ. ಸಹಕಾರದ ಮೊದಲ ಕಾನೂನು ಬಂದದ್ದು 1904ರಲ್ಲಿ. ಅದರ ಬೆನ್ನಿಗೇ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ಆ ಕಾನೂನು ಸಾಲ ಕೊಡುವ ಸಂಘಗಳಿಗೆ ಮಾತ್ರ ಜಾಗ ಕೊಟ್ಟಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಮನೆ ಕಟ್ಟುವ ಸಂಘಕ್ಕೆ ದಾರಿ ತೆರೆದದ್ದು 1912ರ ಕಾನೂನು. ಮೈಸೂರು ಸಂಸ್ಥಾನ ತನ್ನದೇ ಕಾನೂನಿನಡಿ ಇನ್ನೂ ಮುಂಚೆ ಹೆಜ್ಜೆ ಇಟ್ಟಿತ್ತು. ಬೆಂಗಳೂರಿನಲ್ಲಿ 1909ರಲ್ಲಿಯೇ ಮನೆ ಕಟ್ಟುವವರ ಸಹಕಾರಿ ಸಂಘ ನೋಂದಣಿಯಾಯಿತು. ದೇಶದಲ್ಲಿ ಈ ಬಗೆಯ ಸಂಘಗಳ ಇತಿಹಾಸ ಬರೆಯುವವರು ಅಲ್ಲಿಂದಲೇ ಶುರು ಮಾಡುತ್ತಾರೆ.

ಎರಡನೆಯ ದೊಡ್ಡ ಹೆಜ್ಜೆ ಇಟ್ಟವರೂ ನಮ್ಮ ನಾಡಿನ ಮೂಲದವರೇ. ಕೆನರಾ ಸೀಮೆಯಿಂದ ನೌಕರಿ ಹುಡುಕಿಕೊಂಡು ಮುಂಬೈಗೆ ಹೋದ ಚಿತ್ರಾಪುರ ಸಾರಸ್ವತರು ಚಾಳುಗಳ ಇಕ್ಕಟ್ಟಿನಲ್ಲಿ ದುಬಾರಿ ಬಾಡಿಗೆ ಕೊಟ್ಟು ಬದುಕುತ್ತಿದ್ದರು. ಅವರಿಗೆ ದಾರಿ ತೋರಿಸಿದವರು ರಾವ್ ಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿ. 1906ರಲ್ಲಿ ಶಾಮರಾವ್ ವಿಠ್ಠಲ ಸಹಕಾರಿ ಬ್ಯಾಂಕನ್ನು ಹುಟ್ಟುಹಾಕಿದ ಅವರೇ 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ಸಂಘವನ್ನು ಕಟ್ಟಿದರು. ಅಲ್ಲಿಯ ಏರ್ಪಾಡನ್ನು ಗಮನಿಸಬೇಕು. ಕಟ್ಟಡ ಸಂಘದ್ದು. ಸದಸ್ಯರು ಷೇರು ಹಾಕುತ್ತಾರೆ, ತಮ್ಮ ಸಂಘಕ್ಕೇ ಬಾಡಿಗೆ ಕಟ್ಟುತ್ತಾರೆ, ತಮ್ಮೊಳಗಿನಿಂದಲೇ ಆಡಳಿತ ಸಮಿತಿಯನ್ನು ಆರಿಸುತ್ತಾರೆ. ಬಾಡಿಗೆ ಏರಿಸುವ ಠರಾವಿಗೆ ಕೈ ಎತ್ತುವವನು ಮರುತಿಂಗಳು ಅದೇ ಬಾಡಿಗೆಯನ್ನು ತಾನೂ ಕಟ್ಟಬೇಕು. ನಳ ಸೋರಿದರೆ ಅವನ ಮನೆಯಲ್ಲೂ ಸೋರುತ್ತದೆ. ಶತಮಾನ ದಾಟಿಯೂ ಆ ಸಂಘ ಉಳಿದಿರುವುದಕ್ಕೆ ಇದೇ ದೊಡ್ಡ ಕಾರಣವೆಂದು ನಾನು ನಂಬುತ್ತೇನೆ.

ಅದರ ಮಿತಿಯನ್ನೂ ಹೇಳಬೇಕು. ಅದು ಒಂದು ಸಮುದಾಯದವರು ತಮಗಾಗಿ ಕಟ್ಟಿಕೊಂಡ ಸಂಘ. ಸಂಘಗಳು ತಮ್ಮ ಉಪವಿಧಿಗಳಲ್ಲಿ ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಸೀಮಿತಗೊಳಿಸಬಹುದೇ ಎಂಬ ಪ್ರಶ್ನೆ ಅಹಮದಾಬಾದಿನ ಪಾರ್ಸಿ ಗೃಹ ಸಂಘದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಯಿತು. 2005ರಲ್ಲಿ ನ್ಯಾಯಾಲಯ ಹಾಗೆ ಮಾಡಲು ಅಡ್ಡಿಯಿಲ್ಲ ಎಂದಿತು. ಕಾನೂನು ಒಪ್ಪಿದೆ ಎಂದು ನಾವೂ ಆ ದಾರಿ ಹಿಡಿಯಬೇಕಿಲ್ಲ. ಸಚಿವನಾಗಿದ್ದ ಬಸವಣ್ಣ ಮದ್ದಳೆ ನುಡಿಸುವ ಅಲ್ಲಮನನ್ನು ಶೂನ್ಯ ಸಿಂಹಾಸನದ ಮೇಲೆ ಕೂಡಿಸಿದ ನಾಡು ಇದು. ಯಾರನ್ನು ಕೂಡಿಸಬೇಕು ಎಂಬುದಕ್ಕೆ ಹುಟ್ಟು ಅಳತೆಗೋಲಲ್ಲ ಎಂದು ಎಂಟುನೂರು ವರ್ಷಗಳ ಹಿಂದೆಯೇ ತೀರ್ಮಾನವಾಗಿದೆ.

ಇನ್ನು ಕೆಟ್ಟ ಉದಾಹರಣೆ. 1980ರ ದಶಕದ ಬೆಂಗಳೂರಿನಲ್ಲಿ ಗೃಹ ನಿರ್ಮಾಣ ಸಹಕಾರ ಸಂಘಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಸಂಘಕ್ಕೆಂದು ಸರ್ಕಾರ ರೈತರ ಜಮೀನನ್ನು ಸ್ವಾಧೀನ ಮಾಡಿಕೊಡುತ್ತಿತ್ತು. ದೂರುಗಳು ಹೆಚ್ಚಿದಾಗ ಜಿ.ವಿ.ಕೆ. ರಾವ್ ಸಮಿತಿ ವಿಚಾರಣೆ ನಡೆಸಿತು. ಅರ್ಹತೆ ಇಲ್ಲದವರನ್ನು ಸದಸ್ಯರನ್ನಾಗಿ ಮಾಡಿಕೊಂಡದ್ದು, ಜಮೀನು ಗಿಟ್ಟಿಸಲು ಮಧ್ಯವರ್ತಿಗಳನ್ನು ಹಿಡಿದದ್ದು ಬೆಳಕಿಗೆ ಬಂತು. ಎಚ್‌ಎಂಟಿ ನೌಕರರ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಭೂಸ್ವಾಧೀನವೇ ಅಸಿಂಧು ಎಂದು ತೀರ್ಪು ಕೊಟ್ಟಿತು. ಮಧ್ಯವರ್ತಿಯ ಮೂಲಕ ಹಣ ಕೊಟ್ಟು ಮಾಡಿಸಿಕೊಂಡ ಸ್ವಾಧೀನ ಸಾರ್ವಜನಿಕ ಉದ್ದೇಶದ್ದಾಗಲಾರದು ಎಂಬುದು ಅದರ ಸಾರ. ರೈತ ಕೋರ್ಟಿಗೆ ಅಲೆದ, ಪೈಸೆ ಪೈಸೆ ಕೂಡಿಸಿ ಕಂತು ಕಟ್ಟಿದ ಕಾರ್ಮಿಕನೂ ನಿವೇಶನಕ್ಕಾಗಿ ಕಾದು ಕೂತ. ಸಂಘದ ಹೆಸರಿನಲ್ಲಿ ಸಹಿ ಹಾಕಿದ ಮಂಡಳಿಗಳನ್ನು ಸದಸ್ಯರು ಮಹಾಸಭೆಯಲ್ಲಿ ನಿಲ್ಲಿಸಿ ಕೇಳಿದ್ದರೆ ಎಷ್ಟೋ ಸಂಸಾರಗಳಿಗೆ ಈ ಗತಿ ಬರುತ್ತಿರಲಿಲ್ಲ.

ಹಾಗಾದರೆ ಮಂಡಳಿಯನ್ನು ಹೇಗೆ ಕಟ್ಟಬೇಕು? ಇಲ್ಲಿ ನಮ್ಮ ನೆಲದಿಂದಲೇ ಹೊರಟು ಕಡಲು ದಾಟಿದ ಒಂದು ವಿಚಾರವನ್ನು ನಿಮ್ಮ ಮುಂದಿಡುತ್ತೇನೆ. 1951ರಲ್ಲಿ ತೆಲಂಗಾಣದ ಪೋಚಂಪಲ್ಲಿಯಲ್ಲಿ ವಿನೋಬಾ ಭಾವೆಯವರು ಭೂದಾನ ಆರಂಭಿಸಿದರು. ಅದು ಮುಂದೆ ಗ್ರಾಮದಾನವಾಯಿತು. ಭೂಮಿಯ ಒಡೆತನ ಇಡೀ ಊರಿನದು, ಉಳುಮೆ ಮನೆತನದ್ದು. 1957ರ ಸೆಪ್ಟೆಂಬರಿನಲ್ಲಿ ಮೈಸೂರು ಹತ್ತಿರದ ಯಲವಾಲದಲ್ಲಿ ಗ್ರಾಮದಾನ ಸಮ್ಮೇಳನ ನಡೆದಾಗ ಪ್ರಧಾನಿ ನೆಹರೂ ಸಹಿತ ಹಲವು ಪಕ್ಷಗಳ ಮುಖಂಡರು ವಿನೋಬಾರ ಜೊತೆ ಕೂತು ಅದನ್ನು ಬೆಂಬಲಿಸಿದರು. ಈ ವಿಚಾರ ಅಮೆರಿಕದ ಕೆಲವರ ಮನಸ್ಸನ್ನು ಹೊಕ್ಕಿತು. ಅಲ್ಲಿಯ ದಕ್ಷಿಣದ ಜಾರ್ಜಿಯಾ ರಾಜ್ಯದಲ್ಲಿ ಕರಿಯ ಜನಾಂಗದ ರೈತರು ಮತದ ಹಕ್ಕು ಕೇಳಿದ್ದಕ್ಕೆ ಗೇಣಿ ಜಮೀನಿನಿಂದ ಹೊರಗೆ ಬಿದ್ದಿದ್ದರು. ಅವರ ಪರ ಹೋರಾಡುತ್ತಿದ್ದ ಸ್ಲೇಟರ್ ಕಿಂಗ್, ಚಾರ್ಲ್ಸ್ ಶೆರಾಡ್, ರಾಬರ್ಟ್ ಸ್ವಾನ್ ಮೊದಲಾದವರು 1969ರಲ್ಲಿ ‘ನ್ಯೂ ಕಮ್ಯುನಿಟೀಸ್’ ಎಂಬ ಸಂಸ್ಥೆ ಕಟ್ಟಿ ಸುಮಾರು 5,700 ಎಕರೆ ಭೂಮಿ ಹಿಡಿದರು. ಸಾಲದ ಹೊರೆಯಲ್ಲಿ 1985ರಲ್ಲಿ ಆ ಭೂಮಿ ಅವರ ಕೈಬಿಟ್ಟಿತು. ಆದರೆ ಅಲ್ಲಿ ಮೊಳೆತ ‘ಸಮುದಾಯ ಭೂ ಟ್ರಸ್ಟ್’ ಎಂಬ ಏರ್ಪಾಡು ಇಂದು ಅಲ್ಲಿಯ ಹತ್ತಾರು ನಗರಗಳಲ್ಲಿ ಬೇರೂರಿದೆ.

ಅದರ ಕ್ರಮ ಹೀಗಿದೆ. ನೆಲ ಟ್ರಸ್ಟಿನದು, ಅದನ್ನು ಮಾರುವಂತಿಲ್ಲ. ಮನೆ ಸಂಸಾರದ್ದು. ನೆಲವನ್ನು ಸಾಮಾನ್ಯವಾಗಿ 99 ವರ್ಷಗಳ ಲೀಸಿಗೆ ಕೊಡುತ್ತಾರೆ. ಮನೆ ಬಿಟ್ಟು ಹೋಗುವವರು ಮಾರಬಹುದು, ಆದರೆ ಒಪ್ಪಂದದಲ್ಲಿ ಹೇಳಿದ ಮಿತಿಯ ಬೆಲೆಗೆ. ಮುಂದೆ ಬರುವ ಬಡ ಕುಟುಂಬಕ್ಕೂ ಅದು ಕೈಗೆಟುಕಬೇಕು. ಮಂಡಳಿಯಲ್ಲಿ ಮೂರು ಪಾಲು: ಒಂದು ಪಾಲು ಟ್ರಸ್ಟಿನ ಮನೆಗಳಲ್ಲಿ ವಾಸಿಸುವವರಿಗೆ, ಒಂದು ಪಾಲು ಅದೇ ಬಡಾವಣೆಯ ಉಳಿದ ನಿವಾಸಿಗಳಿಗೆ, ಒಂದು ಪಾಲು ಊರಿನ ಹಿತ ನೋಡುವ ತಿಳಿದವರಿಗೆ ಮತ್ತು ನಗರಸಭೆಯ ಪ್ರತಿನಿಧಿಗಳಿಗೆ. ಮನೆ ಸಿಕ್ಕವರು ತಮ್ಮ ಲಾಭವನ್ನಷ್ಟೇ ನೋಡಿ ನಿಯಮ ಸಡಿಲಿಸಲು ಹೊರಟರೆ ಇನ್ನುಳಿದ ಎರಡು ಪಾಲಿನವರು ತಡೆಯುತ್ತಾರೆ. ಅಧಿಕಾರಿಗಳು ಹಟ ಹಿಡಿದರೆ ನಿವಾಸಿಗಳು ತಡೆಯುತ್ತಾರೆ. ಯಾವ ಒಂದು ಪಾಲೂ ತಾನಾಗಿಯೇ ಬಹುಮತವಾಗುವುದಿಲ್ಲ.

ಬಾಸ್ಟನ್ ನಗರದ ಡಡ್ಲಿ ಸ್ಟ್ರೀಟ್ ಎಂಬ ಬಡ ಬಡಾವಣೆಯ ಕಥೆಯೂ ಇಲ್ಲಿ ಹೇಳತಕ್ಕದ್ದು. 1980ರ ದಶಕದ ನಡುವೆ, ಬೆಂಕಿಗೆ ಆಹುತಿಯಾದ ಮನೆಗಳು, ಕಸ ಸುರಿಯುವ ಖಾಲಿ ಜಾಗಗಳೇ ತುಂಬಿದ್ದ ಆ ಬಡಾವಣೆಯನ್ನು ಎತ್ತಲು ದಾನಿ ಸಂಸ್ಥೆಗಳು ಮುಂದೆ ಬಂದವು. ಅವರು ಸಿದ್ಧಪಡಿಸಿ ತಂದ ಮಂಡಳಿಯ ಕರಡಿನಲ್ಲಿ ನಿವಾಸಿಗಳಿಗೆ ಕೆಲವೇ ಕುರ್ಚಿಗಳಿದ್ದವು. ಸಭೆಯಲ್ಲಿ ಜನ ಎದ್ದು ನಿಂತು, ವೇದಿಕೆಯ ಮೇಲಿರುವ ನಿಮ್ಮಲ್ಲಿ ಈ ಬಡಾವಣೆಯಲ್ಲಿ ವಾಸಿಸುವವರು ಎಷ್ಟು ಮಂದಿ ಎಂದು ಕೇಳಿದರು. ದಾನಿಗಳು ಸಿಟ್ಟಾಗಿ ಎದ್ದು ಹೋಗಲಿಲ್ಲ, ಕರಡನ್ನು ಬದಲಿಸಿದರು. ನಿವಾಸಿಗಳಿಗೆ ಬಹುಮತ ಬಂತು. ಅಲ್ಲಿಯ ನಾಲ್ಕು ಪ್ರಮುಖ ಜನವರ್ಗಗಳಿಗೆ, ತಲೆ ಎಣಿಕೆ ಹೆಚ್ಚುಕಡಿಮೆ ಇದ್ದರೂ, ಸಮನಾದ ಕುರ್ಚಿಗಳನ್ನು ಇಟ್ಟರು. 1988ರಲ್ಲಿ ಬಾಸ್ಟನ್ ನಗರಾಡಳಿತ ಖಾಲಿ ಜಾಗಗಳನ್ನು ಸ್ವಾಧೀನ ಮಾಡಿಕೊಳ್ಳುವ ಅಧಿಕಾರವನ್ನೇ ಅಂಥ ಮಂಡಳಿಯಿದ್ದ ಆ ಬಡಾವಣೆಯ ಸಂಸ್ಥೆಯ ಕೈಗೆ ಕೊಟ್ಟಿತು.

ದೂರದ ಊರಿನ ಕಥೆ ಎನ್ನುವವರಿಗೆ ಎರಡು ಹತ್ತಿರದ ಮಾತು. ಜಾರ್ಜಿಯಾದಲ್ಲಿ ಆ ಟ್ರಸ್ಟ್ ಹುಟ್ಟಿದ 1969ರಲ್ಲಿಯೇ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಐದು ಸಂಘಗಳಲ್ಲಿ ಅದು ಒಂದು. ಅಪ್ಪಣಗೌಡ ಪಾಟೀಲರಂಥ ಹಿರಿಯರು ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯನ್ನೂ ಈ ಸಂಘವನ್ನೂ ಕಟ್ಟಿದಾಗ, ಕಬ್ಬು ಬೆಳೆಯುವವನೇ ಕಾರ್ಖಾನೆಯ ನಿರ್ದೇಶಕನಾಗಬಲ್ಲ, ಕರೆಂಟ್ ಬಳಸುವವನೇ ಕರೆಂಟಿನ ಆಡಳಿತ ಮಾಡಬಲ್ಲ ಎಂದು ನಂಬಿ ಕಟ್ಟಿದರು. ರಾಜ್ಯದ ಉಳಿದೆಡೆ ಸರ್ಕಾರದ ಕಂಪನಿ ಕರೆಂಟ್ ಹಂಚಿದರೆ ಹುಕ್ಕೇರಿ ತಾಲೂಕಿನಲ್ಲಿ ಜನರ ಸಂಘ ಹಂಚುತ್ತದೆ. ತಂತಿ, ಟ್ರಾನ್ಸ್‌ಫಾರ್ಮರ್ ನಿಭಾಯಿಸಿದ ತಾಲೂಕಿಗೆ ಮನೆಗಳ ಮಂಡಳಿ ನಿಭಾಯಿಸುವುದು ಆಗದ ಮಾತಲ್ಲ.

ಎರಡನೆಯದು, ಕನ್ನಡದ ಮನೆಮಾತಿನವರು ಬಹಳಷ್ಟಿರುವ ಸೊಲ್ಲಾಪುರ. ಅಲ್ಲಿಯ ಬೀಡಿ ಕಟ್ಟುವ ಹೆಣ್ಣುಮಕ್ಕಳು ಸಂಘಟಿತರಾಗಿ, ಹೋರಾಟಗಾರ್ತಿ ಗೋದಾವರಿ ಪರುಳೇಕರ ಅವರ ಹೆಸರಿನಲ್ಲಿ ಗೃಹ ನಿರ್ಮಾಣ ಸಹಕಾರಿ ಸಂಘ ಮಾಡಿಕೊಂಡರು. ಕುಂಭಾರಿಯಲ್ಲಿ ಹತ್ತು ಸಾವಿರ ಮನೆಗಳು ಎದ್ದವು. 2006ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅವನ್ನು ಹಸ್ತಾಂತರಿಸಿದರು. ಅದೇ ಹಾದಿಯಲ್ಲಿ ಅಸಂಘಟಿತ ಕಾರ್ಮಿಕರಿಗೆಂದು ಕೈಗೊಂಡ 30 ಸಾವಿರ ಮನೆಗಳ ರೇ ನಗರದಲ್ಲಿ 15 ಸಾವಿರ ಮನೆಗಳನ್ನು 2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಹಸ್ತಾಂತರಿಸಿದರು. ದಿನಗೂಲಿಯ ಮೇಲೆ ಬದುಕುವವರು ಸಂಘವಾಗಿ ನಿಂತರೆ ಎರಡು ಬೇರೆ ಬೇರೆ ಪಕ್ಷಗಳ ಸರ್ಕಾರಗಳೂ ಅವರ ಮಾತು ಕೇಳಬೇಕಾಯಿತು.

ಕಾನೂನು ನಮಗೆ ಏನು ಹೇಳುತ್ತದೆ? 2011ರ 97ನೇ ತಿದ್ದುಪಡಿ ಸಹಕಾರ ಸಂಘ ಕಟ್ಟುವುದನ್ನು ಮೂಲಭೂತ ಹಕ್ಕಿನ ಸಾಲಿಗೆ ಸೇರಿಸಿತು. ಮಂಡಳಿಯಲ್ಲಿ 21ಕ್ಕಿಂತ ಹೆಚ್ಚು ನಿರ್ದೇಶಕರು ಬೇಡ, ಮಹಿಳೆಯರಿಗೆ ಎರಡು, ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಒಂದು ಸ್ಥಾನ ಇರಲಿ, ಅವಧಿ ಐದು ವರ್ಷ ಎಂದಿತು. ಬ್ಯಾಂಕಿಂಗ್, ಹಣಕಾಸು, ಆಡಳಿತ ಬಲ್ಲ ಇಬ್ಬರನ್ನು ಮಂಡಳಿ ತಾನೇ ಸೇರಿಸಿಕೊಳ್ಳಬಹುದು, ಆದರೆ ಅವರಿಗೆ ಸಂಘದ ಚುನಾವಣೆಯಲ್ಲಿ ಮತವಿಲ್ಲ, ಅವರು ಪದಾಧಿಕಾರಿಗಳಾಗುವಂತಿಲ್ಲ ಎಂದಿತು. ರಾಜ್ಯಗಳ ಅನುಮೋದನೆ ಪಡೆಯದ ಕಾರಣ ಮಂಡಳಿಯ ಕುರಿತಾದ ಈ ಭಾಗ ರಾಜ್ಯದೊಳಗಿನ ಸಂಘಗಳಿಗೆ ಅನ್ವಯಿಸದು ಎಂದು 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಹುರಾಜ್ಯ ಸಂಘಗಳಿಗೆ ಅದು ಉಳಿದಿದೆ. ನಮ್ಮದು ಗಡಿಭಾಗ, ಕರ್ನಾಟಕ-ಮಹಾರಾಷ್ಟ್ರ ಎರಡೂ ರಾಜ್ಯಗಳಲ್ಲಿ ವ್ಯವಹರಿಸುವ ಸಂಘಗಳು ಇಲ್ಲಿ ಹೊಸವಲ್ಲ. ಟ್ರಸ್ಟುಗಳ ದಾರಿ ಬೇರೆ. ಅಲ್ಲಿ ಪತ್ರ ಬರೆದವರು ಮೊದಲ ಟ್ರಸ್ಟಿಗಳನ್ನು ಹೆಸರಿಸುತ್ತಾರೆ, ತೆರವಾದ ಜಾಗಕ್ಕೆ ಉಳಿದವರೇ ಇನ್ನೊಬ್ಬರನ್ನು ತುಂಬಿಕೊಳ್ಳುವುದು ರೂಢಿ. ಟ್ರಸ್ಟಿಯಾದವನು ಟ್ರಸ್ಟಿನ ಆಸ್ತಿಯಿಂದ ತನ್ನ ಲಾಭ ಮಾಡಿಕೊಳ್ಳಬಾರದು ಎಂದು 1882ರ ಕಾನೂನೇ ಹೇಳಿದೆ. ಆದರೆ ನೇಮಕದ ವಿಷಯದಲ್ಲಿ ಪತ್ರ ಹೇಗೆ ಬರೆದಿದೆಯೋ ಹಾಗೆ ನಡೆಯುತ್ತದೆ. ಆದ್ದರಿಂದ ಟ್ರಸ್ಟ್ ಕಟ್ಟುವವರು ಪತ್ರ ಬರೆಯುವ ದಿನವೇ ಓಣಿಯವರ ಕುರ್ಚಿಗಳನ್ನು ಅದರಲ್ಲಿ ಬರೆಯಬೇಕು. ಆಮೇಲೆ ಬರೆಯುತ್ತೇವೆ ಎಂದು ಬಿಟ್ಟದ್ದು ಬರೆಯದೆಯೇ ಉಳಿಯುತ್ತದೆ.

ಕಾನೂನು ಎಷ್ಟಿದ್ದರೂ ಸಭೆ ನಡೆಯುವ ರೀತಿ ನಿಮಗೆಲ್ಲ ಗೊತ್ತು. ವಾರ್ಷಿಕ ಮಹಾಸಭೆಯ ನೋಟೀಸು ಕಚೇರಿಯ ಒಳಗೋಡೆಗೆ ಅಂಟಿರುತ್ತದೆ. ಬಂದವರು ಬಾಗಿಲಲ್ಲಿ ಹಾಜರಿ ವಹಿಗೆ ಸಹಿ ಮಾಡುತ್ತಾರೆ, ಉಪ್ಪಿಟ್ಟು-ಚಹಾ ಆಗುತ್ತದೆ. ಕಾರ್ಯದರ್ಶಿ ಜಮಾ-ಖರ್ಚು ಓದುವಾಗ ಅರ್ಧ ಜನ ಹೊರಗಿರುತ್ತಾರೆ. “ಮಂಜೂರ್?” ಎಂದರೆ ಮುಂದಿನ ಸಾಲಿನವರು “ಮಂಜೂರ್” ಎನ್ನುತ್ತಾರೆ. ನಿರ್ದೇಶಕರ ಆಯ್ಕೆ ಬಂದಾಗ ಹಿರಿಯರು ಮೊದಲೇ ಕೂತು ಗೊತ್ತು ಮಾಡಿದ ಹೆಸರುಗಳು ಅವಿರೋಧವಾಗಿ ಬರುತ್ತವೆ. ಮಹಿಳಾ ಮೀಸಲು ಸ್ಥಾನಕ್ಕೆ ಆಯ್ಕೆಯಾದ ತಾಯಿ ಮನೆಯಲ್ಲಿರುತ್ತಾಳೆ. ಠರಾವು ವಹಿ ಮನೆಗೆ ಹೋಗಿ, ಒಲೆಯ ಮುಂದಿನಿಂದ ಎದ್ದು ಬಂದ ಆಕೆಯ ಸಹಿ ಪಡೆದು ಹಿಂತಿರುಗುತ್ತದೆ. ಅವಿರೋಧ ಆಯ್ಕೆಯಿಂದ ಊರಲ್ಲಿ ಜಗಳ ತಪ್ಪುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಪ್ರಶ್ನೆ ಕೇಳುವವರು ಯಾರೂ ಇಲ್ಲದ ಒಮ್ಮತ ಮನೆ ಹಂಚುವ ಮಂಡಳಿಗೆ ಸಲ್ಲದು. ಅಲ್ಲಿ ಹಂಚುವ ವಸ್ತು ಒಂದು ಸಂಸಾರದ ಇಡೀ ಜನ್ಮದ ಗಳಿಕೆ.

ಆದ್ದರಿಂದ ನನ್ನ ಸಲಹೆಗಳನ್ನು ಸ್ಪಷ್ಟವಾಗಿ ಹೇಳುತ್ತೇನೆ. ಮೊದಲನೆಯದು, ಅರ್ಧಕ್ಕಿಂತ ಹೆಚ್ಚು ಕುರ್ಚಿಗಳು ಆ ಬಡಾವಣೆಯಲ್ಲೇ ವಾಸಿಸುವವರಿಗೆ ಇರಲಿ, ಮನೆ ಪಡೆದವರೂ ನೆರೆಯವರೂ ಅದರಲ್ಲಿ ಸೇರಲಿ. ಎರಡನೆಯದು, ಇನ್ನೂ ಮನೆ ಸಿಗದೆ ಪಟ್ಟಿಯಲ್ಲಿ ಕಾಯುತ್ತಿರುವವರಿಗೆ ಕನಿಷ್ಠ ಎರಡು ಕುರ್ಚಿ ಬೇಕು. ಅವರಿಲ್ಲದಿದ್ದರೆ ಮನೆ ಸಿಕ್ಕವರು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಮೂರನೆಯದು, ವಕೀಲರು, ಲೆಕ್ಕಪರಿಶೋಧಕರು, ಎಂಜಿನಿಯರು ಖಂಡಿತ ಇರಲಿ, ಸಲಹೆ ಕೊಡಲಿ, ಆದರೆ ಹಂಚಿಕೆಯ ಮತ ಅವರಿಗೆ ಬೇಡ. ನಾಲ್ಕನೆಯದು, ಪ್ಲಾಟ್ ವ್ಯಾಪಾರ, ಲೇಔಟ್ ಗುತ್ತಿಗೆ, ಜಮೀನು ದಲಾಲಿ ಮಾಡುವವರು ಆ ವ್ಯವಹಾರದಲ್ಲಿರುವಷ್ಟು ಕಾಲ ಮಂಡಳಿಗೆ ಬರಬಾರದು. ಐದನೆಯದು, ಮಹಿಳಾ ಸದಸ್ಯೆ ಸಭೆಗೆ ತಾನೇ ಬಂದು ಕೂತು ಮಾತಾಡಬೇಕು, ಠರಾವು ವಹಿ ಯಾರ ಮನೆಗೂ ಹೋಗಬಾರದು. ಸಭೆಯನ್ನು ಆಕೆಗೆ ಬರಲು ಅನುಕೂಲವಾಗುವ ಹೊತ್ತಿಗೆ ಕರೆಯುವುದು ಮಂಡಳಿಯ ಹೊಣೆ. ಆರನೆಯದು, ಸತತ ಎರಡು ಅವಧಿ ಆದವರು ಒಂದು ಅವಧಿ ಹೊರಗಿರಲಿ. ತಂದೆಯ ಕುರ್ಚಿಗೆ ಮಗನೆಂಬ ರೂಢಿ ಇಲ್ಲಿಗೆ ನಿಲ್ಲಲಿ. ಏಳನೆಯದು, ಆಯ್ಕೆಗೆ ನಿಂತವರ ಹೆಸರು, ಉದ್ಯೋಗ, ಅದೇ ಬಡಾವಣೆಯಲ್ಲಿ ಅವರಿಗಿರುವ ಆಸ್ತಿಯ ವಿವರವನ್ನು ಹದಿನೈದು ದಿನ ಮೊದಲು ಓಣಿಯ ಗುಡಿ, ಮಸೀದಿ, ಅಂಗನವಾಡಿಯ ಗೋಡೆಗೆ ಹಚ್ಚಿರಿ. ತಕರಾರಿದ್ದವರು ಬಂದು ಹೇಳಲಿ.

ಈ ಸಲಹೆಗಳಲ್ಲಿ ಹೆಚ್ಚಿನವಕ್ಕೆ ಹೊಸ ಕಾನೂನು ಬೇಕಿಲ್ಲ. ಸಂಘವಾದರೆ ಕಾನೂನಿನ ಚೌಕಟ್ಟಿನೊಳಗೆ ಉಪವಿಧಿಗೆ ತಿದ್ದುಪಡಿ ತಂದು ನಿಬಂಧಕರಿಂದ ನೋಂದಾಯಿಸಿಕೊಳ್ಳಬಹುದು. ಟ್ರಸ್ಟಾದರೆ ಪತ್ರದಲ್ಲಿ ಬರೆದುಕೊಳ್ಳಬಹುದು. ಆಶ್ರಯ ಸಮಿತಿಗೆ ನಾಮನಿರ್ದೇಶನ ಮಾಡುವಾಗ ಬಾಡಿಗೆ ಮನೆಯಲ್ಲಿರುವವರೊಬ್ಬರನ್ನು, ಪೌರಕಾರ್ಮಿಕರೊಬ್ಬರನ್ನು ಸೇರಿಸಿ ಎಂದು ನಮ್ಮ ಜನಪ್ರತಿನಿಧಿಗಳನ್ನು ನಾವು ಒತ್ತಾಯಿಸಬಹುದು. ಅಂತಿಮ ಪಟ್ಟಿಗೆ ಸಹಿ ಬೀಳುವ ಮುನ್ನ ಅದನ್ನು ವಾರ್ಡಿನ ಜನರ ಮುಂದೆ ಓದಿ ಎಂದು ಕೇಳಬಹುದು. ಗ್ರಾಮಸಭೆಗೆ ಸಾಧ್ಯವಾದದ್ದು ವಾರ್ಡಿಗೆ ಸಾಧ್ಯವಾಗಲೇಬೇಕು.

ಇಲ್ಲಿ ಕೂತಿರುವ ತರುಣ-ತರುಣಿಯರಿಗೆ ನನ್ನ ಕೊನೆಯ ವಿನಂತಿ. ನಿಮ್ಮ ಮನೆಯಲ್ಲಿ ಯಾರಾದರೂ ಯಾವುದಾದರೂ ಸಂಘದ ಷೇರುದಾರರಾಗಿದ್ದರೆ ಅದರ ಉಪವಿಧಿಗಳ ಪ್ರತಿಯನ್ನು ತರಿಸಿ ಓದಿರಿ. ಮಂಡಳಿಯಲ್ಲಿ ಯಾರಿದ್ದಾರೆ, ಎಷ್ಟು ವರ್ಷದಿಂದ ಇದ್ದಾರೆ ಎಂದು ವಿಚಾರಿಸಿರಿ. ಮುಂದಿನ ಮಹಾಸಭೆಗೆ ತಂದೆ-ತಾಯಿಯರನ್ನು ಕರೆದೊಯ್ಯಿರಿ, ಜಮಾ-ಖರ್ಚು ಓದುವಾಗ ಅವರು ಒಳಗೇ ಕೂತಿರಲಿ, ತಿಳಿಯದ್ದನ್ನು ಎದ್ದು ನಿಂತು ಕೇಳಲಿ. ನಿಮಗೆ ವಯಸ್ಸು, ಅರ್ಹತೆ ಬಂದ ದಿನ ನೀವೇ ನಾಮಪತ್ರ ಸಲ್ಲಿಸಿರಿ. ಮನೆಯಿಲ್ಲದವರ ಪರವಾಗಿ ಮಾತಾಡುವ ಒಂದು ದನಿಯಾದರೂ ಪ್ರತಿಯೊಂದು ಮಂಡಳಿಯಲ್ಲಿ ಇರುವಂತೆ ನೋಡಿಕೊಳ್ಳುವುದು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಸಹಕಾರಿಗಳ ಕರ್ತವ್ಯ. ಆ ಕರ್ತವ್ಯವನ್ನು ಈ ವರ್ಷದ ಮಹಾಸಭೆಯಿಂದಲೇ ಶುರು ಮಾಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.